ಸಾಲಿನಲ್ಲಿ ಆರಿಸದ ಎಂಜಿನ್

ಮಾರ್ಚ್ ೧೧, ಮಂಗಳವಾರ

ಎರಡನೇ ಸಲವೂ ಫೇಲಾದದ್ದು ವಾರದಿಂದ ತಲೆ ಕೊರೆಯುತ್ತಿತ್ತು. ಈ ರಾಜ್ಯಕ್ಕೆ ಬಂದು ಮೂರು ತಿಂಗಳಾಯಿತು. ಹೊಗೆ ತಪಾಸಣೆಯಲ್ಲಿ ಪಾಸಾಗದೆ ನಮ್ಮನೆಯವರ ಕಾರಿಗೆ ಇಲ್ಲಿನ ನಂಬರ್ ಸಿಗುವುದಿಲ್ಲ. ಇಪ್ಪತ್ತೆರಡು ವರ್ಷದ ಗಾಡಿ. "ಅಪ್ಪನೇ ಹೋದ್ಮೇಲೆ ಇದ್ಯಾಕಮ್ಮ? ಗುಜರಿಗೆ ಹಾಕು," ಎನ್ನುತ್ತಾಳೆ ಮಗಳು. ಹೆತ್ತ ಮಗಳೆಂದು ಸುಮ್ಮನಿದ್ದೇನೆ.

ಇವತ್ತು ಮತ್ತೆ ಹೋದೆ. ಮುಂದೆ ಏಳು ಗಾಡಿಗಳಿದ್ದವು. ಎಂದಿನಂತೆ ಸಾಲಿನಲ್ಲಿ ನಿಂತ ಕೂಡಲೇ ಎಂಜಿನ್ ಆರಿಸಿದೆ. ತಪಾಸಣೆಯವನು ಕೈ ಒರೆಸಿಕೊಳ್ಳುತ್ತಾ ಕಿಟಕಿಯ ಬಳಿ ಬಂದ.

"ಏನಮ್ಮಾ, ಪ್ರತಿ ಸಲ ಹೀಗೇ ಆಫ್ ಮಾಡ್ತೀರಾ?"

"ನಮ್ಮನೆಯವರು ಕಲಿಸಿದ್ದು. ನಿಂತ ಕಡೆ ಸುಮ್ನೆ ಉರಿಸಿದ್ರೆ ಬಯ್ಯೋರು."

"ಅವರು ಹೇಳಿದ್ದು ಸರೀನೇ. ಆದ್ರೆ ಹಳೇ ಎಂಜಿನ್ ತಣ್ಣಗಾದ್ರೆ ಹೊಗೆ ಜಾಸ್ತಿ ಕಕ್ಕುತ್ತೆ. ಅರ್ಧ ಗಂಟೆ ಓಡಿಸ್ಕೊಂಡು ಬನ್ನಿ, ಆಮೇಲೆ ನಿಮ್ಮ ಸರದಿ ಬರೋವರೆಗೂ ಆರಿಸ್ಬೇಡಿ. ನಿಮ್ಮ ಜಾಗ ನಾನು ನೋಡ್ಕೋತೀನಿ."

ಹಾಗೇ ಮಾಡಿದೆ. ಸಾಲಿನಲ್ಲಿ ಎರಡು ಸಲ ಕೈ ತಾನಾಗಿ ಕೀಲಿಗೆ ಹೋಯಿತು. ಕೊನೆಗೆ ಆ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತೆ, ಪರೀಕ್ಷೆಯಲ್ಲಿ ನಕಲು ಹೊಡೆಯುವವಳಂತೆ.

ಪಾಸಾಯಿತು. ಚೀಟಿ ಕೊಡುತ್ತಾ ಅವನು, "ನಿಮ್ಮನೆಯವರು ಗಾಡಿ ಚೆನ್ನಾಗಿ ಇಟ್ಕೊಂಡಿದ್ದಾರೆ. ನಾನು ಹೇಳ್ದೆ ಅಂತ ಹೇಳಿ," ಎಂದ. ಹೇಳ್ತೀನಿ ಎಂದೆ.

ಮನೆಯ ಮುಂದೆ ನಿಲ್ಲಿಸಿದ ಮೇಲೂ ಎಂಜಿನ್ ಆರಿಸಲಿಲ್ಲ. ಇವರು ಬಂದು ಬಯ್ಯಲಿ ಎಂದು ಬಹಳ ಹೊತ್ತು ಸುಮ್ಮನೆ ಉರಿಸುತ್ತಾ ಕೂತಿದ್ದೆ.