ಕರಿ ದೋಣಿಗೆ ನಾಲ್ಕನೆಯ ಕೋಟು

ಹೊಸದುರ್ಗ
ಗುರುವಾರ, 13 ನವೆಂಬರ್ 2025

ನನ್ನ ಅಕ್ಕನ ಮಗಳು ಸುಮಿತ್ರಾಳಿಗೆ, ಈ ತಾಲ್ಲೂಕಿನ ಸಮಸ್ತ ಸಮುದ್ರಗಳ ಒಡೆಯನಾದ ಸೋದರಮಾವ ಮಾರಣ್ಣನ ಆಶೀರ್ವಾದಗಳು.

ನೀನು ಆಗಸ್ಟಿನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು. ಬೈಯುವುದಿದ್ದರೆ ಬೈದು ಮುಗಿಸಿ ಮುಂದಕ್ಕೆ ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಅದೂ ಅಲ್ಲದೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ನನ್ನ ಅಕ್ಷರ ಕಂಡು ಹೆಡ್‌ಮಾಸ್ತರರೇ ಶಾಲೆಯ ಬೋರ್ಡು ನನ್ನ ಕೈಲಿ ಬರೆಸಿದ್ದರು. ಆ ಅಕ್ಷರವನ್ನು ನೀನಿರುವ ಐರ್ಲೆಂಡೂ ಒಮ್ಮೆ ನೋಡಲಿ.

ಕ್ಷೇಮ ಸಮಾಚಾರ: ನನ್ನ ಎಡಮಂಡಿ ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿದೆ. ನಿನ್ನ ಅವ್ವ ಏಕಾಂತಮ್ಮ ಗಟ್ಟಿಯಾಗಿದ್ದಾಳೆ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಅವಳ ದನಿಗೆ ಕುಕ್ಕರೂ ಹೆದರುತ್ತದೆಯಂತೆ. ನನ್ನ ಜೊತೆ ಮಾತ್ರ ಉಪ್ಪು, ಬೇಳೆ, ಕರೆಂಟು, ಇಷ್ಟೇ ಮಾತು. ಹರಿಗೋಲು ಮಗುಚಿ ಭಾವ, ನಿನ್ನ ಅಪ್ಪ, ಹೋದ ಮೇಲೆ, ಈ ಮೂರು ವರ್ಷ, ಎದುರು ಮನೆಯಲ್ಲೇ ಇದ್ದರೂ ನಾನು ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುವ ಶೆಡ್ಡಿಗೆ ಅವಳು ಕಾಲಿಟ್ಟಿರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಾಗದ ಓದು. ನೀನು ಕೇಳಿದ ಪರದೆ ಬರೆದದ್ದು ನಿಮ್ಮ ಗೋಡೆಗೆ ಎನ್ನುವುದು ಹೆಸರಿಗೆ. ಅಕ್ಕ ಬಂದು ಒಮ್ಮೆ ನೋಡಲಿ ಎನ್ನುವುದು ನಿಜ.

ನೀನು ಕೇಳಿದ್ದು ದೊಡ್ಡದೇನಲ್ಲ. ನೀನು ನರ್ಸಾಗಿರುವ ಆ ವೃದ್ಧರ ಮನೆಯ ಹಜಾರದಲ್ಲಿ ಒಂದು ಗೋಡೆ ಖಾಲಿ ಇದೆ, ಅಲ್ಲಿಯ ಕಡಲತೀರವನ್ನು ಅಲ್ಲಿಯ ಚಿತ್ರಗಾರರು ಬರೆದ ಹಾಗೆ ಬರೆದು ಕಳಿಸು ಮಾವ, ಎಂದು ಚಿತ್ರಗಳ ದಪ್ಪ ಪುಸ್ತಕವನ್ನೂ ಕಳಿಸಿದೆ. ಜೊತೆಗೆ ಒಂದು ಸಾಲು ಬರೆದಿದ್ದೆ: ನಲವತ್ತು ವರ್ಷ ಕಡಲಲ್ಲಿ ಮೀನು ಹಿಡಿದು ಈಗ ಇಲ್ಲೇ ಇರುವ ಮಾರ್ಟಿನ್ ಅಜ್ಜನಿಗೆ ಇದೇ ಪುಸ್ತಕ ಕೊಟ್ಟರೆ ನಾಲ್ಕು ಹಾಳೆ ತಿರುವಿ ಮುಚ್ಚಿಟ್ಟುಬಿಟ್ಟ, ಅಂತ. ಆ ಒಂದು ಸಾಲಿಗೆ ನನಗೆ ಛಲ ಹತ್ತಿತು.

ನನ್ನ ಯೋಗ್ಯತೆ ಏನೆಂದು ಆ ಮನೆ ನಡೆಸುವ ನಿಮ್ಮ ಮೇಡಮ್ಮಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳು. ನಾನು ಸಮುದ್ರ ನೋಡಿಲ್ಲ. ಆದರೆ ಮೂವತ್ತೊಂದು ಸಮುದ್ರ ಬರೆದಿದ್ದೇನೆ. ಹಿರಿಯೂರಿನ ಎರಡು ಸ್ಟುಡಿಯೋ, ಹೊಳಲ್ಕೆರೆಯದೊಂದು, ಭರಮಸಾಗರದ್ದೊಂದು, ನಮ್ಮೂರಿನ ಇಸ್ರಾರನದು, ಎಲ್ಲ ಕಡೆ ಅಲೆ ಎದ್ದದ್ದು ನನ್ನ ಬ್ರಷ್ಷಿನಿಂದ. ಹಾಲುರಾಮೇಶ್ವರ ಕ್ಷೇತ್ರಕ್ಕೆ ಬಂದವರು ಇಸ್ರಾರನ ಸ್ಟುಡಿಯೋದಲ್ಲಿ ನನ್ನ ಸಮುದ್ರದ ಮುಂದೆ ಜೋಡಿಯಾಗಿ ನಿಂತು ಫೋಟೋ ಹಿಡಿಸಿಕೊಂಡೇ ಬಸ್ಸು ಹತ್ತುತ್ತಿದ್ದರು. ಕುಂದಾಪುರದ ಕಡೆಯ ಬ್ಯಾಂಕ್ ಮ್ಯಾನೇಜರೊಬ್ಬ ಅದರ ಮುಂದೆ ನಿಂತು, "ಇದರಲ್ಲಿ ಮೀನಿನ ವಾಸನೆ ಸಹ ಉಂಟಲ್ಲ ಮಾರಾಯ್ರೆ" ಎಂದು ಬೆರಗಾಗಿದ್ದ. ಪಕ್ಕದ್ದು ಒಣಮೀನಿನ ಅಂಗಡಿ ಎಂದು ನಾನು ಹೇಳಲಿಲ್ಲ.

ನಿನ್ನ ಪುಸ್ತಕವನ್ನು ನಾನೂ ಇಸ್ರಾರನೂ ಒಂದು ತಿಂಗಳು ನೋಡಿದೆವು. ಚಿತ್ರಗಾರರ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ, ಪುಟದ ನಂಬರಿನಿಂದ ಗುರುತು ಇಟ್ಟುಕೊಂಡೆ. ಹನ್ನೆರಡನೇ ಪುಟದವನು ಮುಕ್ಕಾಲು ಭಾಗ ಮೋಡವನ್ನೇ ಬರೆದಿದ್ದಾನೆ. ಕೆಳಗೆ ಒಂದು ಗೇಣಿನಲ್ಲಿ ನೀಲಿ ಗುಡ್ಡ, ಹುಲ್ಲು ಹೊದಿಸಿದ ಎರಡು ಬಿಳಿ ಮನೆ, ದಂಡೆಯಲ್ಲಿ ದುಂಡು ಬಂಡೆ. ನಡುವೆ ನರಪಿಳ್ಳೆ ಇಲ್ಲ. ಇಸ್ರಾರ್ ಕನ್ನಡಕ ಏರಿಸಿಕೊಂಡು, "ಏನಪ್ಪ ಮಾರಣ್ಣ, ಇವ್ನೂ ನಿನ್ನಂಗೇ ಸ್ಟುಡಿಯೋ ಪರದೆ ಬರೆಯೋನೇ ಇರ್ಬೇಕು. ಗಿರಾಕಿ ನಿಂತ್ಕಳಾಕೆ ನಡುವೆ ಜಾಗ ಬಿಟ್ಟವ್ನೆ ನೋಡು" ಎಂದ. ಇಬ್ಬರೂ ಅದನ್ನೇ ನಂಬಿದ್ದೆವು. ಅಲ್ಲಿ ನಿಂತಿರಬೇಕಾದವರೆಲ್ಲ ಹೊಟ್ಟೆಪಾಡಿಗೆ ಹಡಗು ಹತ್ತಿ ಹೋದವರಂತೆ, ಅಲ್ಲಿಯವರು ಹಾಗೆ ಹೇಳುತ್ತಾರೆ, ಎಂದು ನೀನು ಫೋನಿನಲ್ಲಿ ಹೇಳಿದ ದಿನ ಇಸ್ರಾರ್ ಆ ಪುಟವನ್ನು ಬಹಳ ಹೊತ್ತು ಮಗುಚಲಿಲ್ಲ.

ಮೂವತ್ತನೇ ಪುಟದವನ ಬೆಸ್ತರು ಬೇರೆ ಥರ. ಎಲ್ಲರೂ ಗದ್ದ ಎತ್ತಿ, ಎದೆ ಉಬ್ಬಿಸಿ, ಗಾಳಿಗೆ ಮುಖ ಕೊಟ್ಟು ನಿಂತಿದ್ದಾರೆ. ನಾನು ಎಲೆಕ್ಷನ್ ಕಟೌಟು ಬರೆದವನು, ಈ ಗದ್ದದ ಮರ್ಮ ನನಗೆ ಗೊತ್ತು. ಮೀನು ಹಿಡಿಯುವವನು ಗದ್ದ ಎತ್ತಿ ನಿಂತದ್ದನ್ನು ನಾನಂತೂ ಕಂಡಿಲ್ಲ. ಭಾವ ಯಾವಾಗಲೂ ಬಗ್ಗಿಯೇ ಇರುತ್ತಿದ್ದ. ನಲವತ್ತೊಂದನೇ ಪುಟದವನು ಕಡಲಪಾಚಿ ಹೊರುವವರನ್ನು ಬರೆದಿದ್ದಾನೆ. ಕುಕ್ಕೆಯ ಭಾರಕ್ಕೆ ಬೆನ್ನು ಎಲ್ಲಿ ಬಾಗಬೇಕೋ ಅಲ್ಲೇ ಬಾಗಿದೆ. ಅವನಿಗೆ ನನ್ನ ಸಲಾಮು. ಆದರೆ ಹೆಂಗಸರನ್ನು ಏನು ಮಾಡಿದ್ದಾರೆ ನೋಡು. ಕೆಂಪು ಲಂಗ, ಕಪ್ಪು ಶಾಲು, ನಮಗೆ ಬೆನ್ನು, ಕಡಲಿಗೆ ಮುಖ. ಎಣಿಸಿದೆ, ಹದಿನಾಲ್ಕು ಹೆಂಗಸರು ಹಾಗೆ ನಿಂತಿದ್ದಾರೆ. ಪುಸ್ತಕ ಮುಚ್ಚುವ ಹೊತ್ತಿಗೆ ಮಾರ್ಟಿನ್ ಅಜ್ಜನ ಸಿಟ್ಟು ನನಗೂ ಹತ್ತಿತು. ಬಣ್ಣದಲ್ಲಿ ಅವರು ಗಟ್ಟಿಗರು, ಆ ಬೂದಿ ಹಸಿರನ್ನು ಕಲಸಲು ನನಗೆ ಹದಿನೈದು ದಿನ ಬೇಕಾಯಿತು. ಆದರೂ ಎಲ್ಲರೂ ಒಣನೆಲದಲ್ಲಿ ಸ್ಟೂಲು ಹಾಕಿ ಕುಳಿತು ಬರೆದವರೇ. ದೋಣಿಯೊಳಗಿಂದ ದಡ ಹೇಗೆ ಕಾಣುತ್ತದೆಂದು ಒಬ್ಬನೂ ಬರೆದಿಲ್ಲ.

ಆಮೇಲೆ ಐವತ್ತೆಂಟನೇ ಪುಟ. ಮೂವರು ಗಂಡಸರು ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಾರೆ, ಆರು ಕಾಲಿನ ಕರಿ ಜೀರುಂಡೆಯ ಹಾಗೆ. ಕೆಳಗಿನ ಇಂಗ್ಲಿಷನ್ನು ಇಸ್ರಾರನ ಮಗಳು ಆರ್ಜೂ ಓದಿ ಹೇಳಿದಳು: ತೆಳ್ಳನೆಯ ಮರದ ಪಟ್ಟಿಗಳ ಹಂದರ, ಮೇಲೆ ಬಟ್ಟೆ, ಬಟ್ಟೆಗೆ ಟಾರು. ಇದು ನಮ್ಮ ಹರಿಗೋಲು ಕಣೇ. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನಲ್ಲಿ ನಿನ್ನ ಅಪ್ಪ ಚಿಕ್ಕತಿಮ್ಮಪ್ಪ ಇಪ್ಪತ್ತು ವರ್ಷ ಬಲೆ ಬೀಸಿದ್ದು ಇಂಥದರಲ್ಲೇ. ನಮ್ಮದು ಬಿದಿರಿನದು, ದುಂಡಗೆ. ಅವರದು ಉದ್ದಕ್ಕೆ ಎಳೆದದ್ದು, ಅಷ್ಟೇ. ಭಾವನೂ ಸಂಜೆ ಅದನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ದೂರದಿಂದ ಆಮೆ ಎದ್ದು ನಡೆದ ಹಾಗೆ ಕಾಣುತ್ತಿತ್ತು. ನೀನು ಚಿಕ್ಕವಳಿದ್ದಾಗ ಓಡಿಹೋಗಿ ಅದರ ಕೆಳಗೆ ತೂರಿಕೊಳ್ಳುತ್ತಿದ್ದೆ.

ಮರುದಿನವೇ ಚೌಕಟ್ಟಿಗೆ ಪರದೆಯ ಬಟ್ಟೆ ಬಿಗಿದೆ. ಹನ್ನೆರಡಡಿ ಉದ್ದ, ಎಂಟಡಿ ಎತ್ತರ. ಮೋಡ ಅವರದು, ನೀರಿನ ಬಣ್ಣ ಅವರದು, ಬಂಡೆ ಮಾತ್ರ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯದು. ದಂಡೆಯ ಮೇಲೆ ಬೋರಲು ಹಾಕಿದ ದೋಣಿ. ಪಕ್ಕದಲ್ಲಿ ಅವರ ಪದ್ಧತಿಯಂತೆಯೇ ಒಬ್ಬ ಹೆಂಗಸು, ನಮಗೆ ಬೆನ್ನು, ಕಡಲಿಗೆ ಮುಖ. ಎಲ್ಲ ಮುಗಿಸಿ ದೋಣಿಯನ್ನು ಕೊನೆಗೆ ಇಟ್ಟುಕೊಂಡೆ. ದೋಣಿಗೆ ನಾನು ಬಣ್ಣ ಹಚ್ಚಿಲ್ಲ. ಶೆಡ್ಡಿನ ಮುಂದೆ ಒಲೆ ಹೂಡಿ, ಡಬ್ಬದಲ್ಲಿ ಟಾರು ಕಾಯಿಸಿ, ನಿಜವಾದ ಟಾರನ್ನೇ ಹಚ್ಚಿದೆ. ಇಸ್ರಾರ್, "ಲೇ, ಚಿತ್ರಕ್ಕೆ ಯಾರಾದ್ರೂ ಟಾರು ಬಳೀತಾರೇನೋ? ಕರಿ ಪೇಂಟು ಇಲ್ವಾ?" ಎಂದ. ಇದೆ, ಹಚ್ಚುವುದಿಲ್ಲ, ಎಂದೆ.

ಎರಡನೇ ಕೋಟು ಹಚ್ಚುವಾಗ ಬಾಗಿಲಲ್ಲಿ ನೆರಳು ಬಿತ್ತು. ಟಾರಿನ ವಾಸನೆ ರಸ್ತೆ ದಾಟಿ ಹೋಗಿ ನಿನ್ನ ಅವ್ವನನ್ನು ಕರೆದುಕೊಂಡು ಬಂದಿತ್ತು. ಕೈಯಲ್ಲಿ ಸೌಟು ಹಾಗೇ ಇತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ನಿಂತಳು. ದೋಣಿಯ ಕಡೆ ನೋಡಲಿಲ್ಲ. ಹೆಂಗಸನ್ನೇ ನೋಡಿದಳು.

"ಲೇ ಮಾರ, ಇವ್ಳು ಯಾಕೆ ನೀರು ನೋಡ್ಕಂಡು ನಿಂತವ್ಳೆ?"

"ಐರ್ಲೆಂಡಿನೋರು ಎಲ್ರೂ ಹಂಗೇ ಬರೆದವ್ರೆ ಅಕ್ಕ."

"ಬರೆದೋರು ಗಂಡಸ್ರೇನು?"

"ಹೆಚ್ಚಿಗೆ ಗಂಡಸ್ರೇ."

"ಅದಕ್ಕೇ ಮತ್ತೆ. ನೀರು ನೋಡ್ಕಂಡು ನಿಂತ್ರೆ ನೀರೇನು ಕೊಡ್ತೈತೆ? ಒಲೆ ಮೇಲೆ ಎಸರು ಕುದೀತಿರ್ತೈತೆ, ಬಲೆ ಹರಿದು ಬಿದ್ದಿರ್ತೈತೆ. ಇವ್ಳಿಗೆ ಕೆಲ್ಸ ಇಲ್ವೇನು? ತಿರುಗ್ಸು ಇವ್ಳನ್ನ."

ಇಷ್ಟು ಹೇಳಿ ಸೌಟು ತಿರುಗಿಸುತ್ತ ಹೋದಳು. ಮೂರು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು. ಬೈಗುಳವಾದರೂ ನನಗೆ ಹಾರ ಹಾಕಿಸಿಕೊಂಡ ಹಾಗಾಯಿತು.

ತಿರುಗಿಸಿದೆ. ಈಗ ಆ ಹೆಂಗಸು ಕಡಲಿಗೆ ಬೆನ್ನು ಹಾಕಿ, ದೋಣಿಗೆ ಒರಗಿ ಕುಳಿತು, ಹರಿದ ಬಲೆ ಹೊಲಿಯುತ್ತಿದ್ದಾಳೆ. ತಲೆ ಎತ್ತಿ ನಮ್ಮನ್ನೇ ನೋಡುತ್ತಾಳೆ, ಏನು ಕೆಲಸ ನಿಮಗೆ ಇಲ್ಲಿ ಎನ್ನುವ ಹಾಗೆ. ಮುಖ ಯಾರದೆಂದು ನಾನು ಫೋನಿಗೆ ಕಳಿಸಿದ ಫೋಟೋದಲ್ಲೇ ನಿನಗೆ ಗೊತ್ತಾಗಿರಬೇಕು.

ಆ ಫೋಟೋ ನೋಡಿ ನಿಮ್ಮ ಮೇಡಮ್ಮು ಹೇಳಿದ್ದನ್ನು ನೀನು ಮೊನ್ನೆ ತಿಳಿಸಿದೆ. ಬಹಳ ಚೆನ್ನಾಗಿದೆ, ಆದರೆ ಹೆಂಗಸು ಕಡಲ ಕಡೆ ನೋಡುತ್ತಿದ್ದರೆ ಒಳ್ಳೆಯದು, ನೋಡುವವರಿಗೆ ನೆಮ್ಮದಿಯಾಗುತ್ತದೆ. ಬಂಡೆ ಇಷ್ಟು ದುಂಡಗೆ ಬೇಡ. ಸ್ವಲ್ಪ ಬಿಸಿಲು ಇರಲಿ. ದೋಣಿಗೆ ನೀಲಿಯೋ ಹಸಿರೋ ಹಚ್ಚಿದರೆ ವಯಸ್ಸಾದವರ ಕಣ್ಣಿಗೆ ಹಿತ. ಇಷ್ಟು ತಾನೆ?

ಹಾಗಾದರೆ ಕೇಳು. ದುಂಡು ಬಂಡೆ ಅವರ ಪುಸ್ತಕದ ಹನ್ನೆರಡನೇ ಪುಟದಲ್ಲೇ ಇದೆ, ಬೇಕಾದರೆ ಕನ್ನಡಕ ಹಾಕಿ ನೋಡಲಿ. ಇಲ್ಲದಿದ್ದರೂ ನಾನು ಬದಲಿಸುತ್ತಿರಲಿಲ್ಲ. ಬಂಡೆ ಬರೆಯುವುದನ್ನು ಚಿತ್ರದುರ್ಗ ಜಿಲ್ಲೆಯವನಿಗೆ ಯಾರೂ ಕಲಿಸಬೇಕಾಗಿಲ್ಲ. ಬಿಸಿಲು ಬೇಕಾದವರು ಏಪ್ರಿಲಿನಲ್ಲಿ ಹಿರಿಯೂರಿಗೆ ಬರಲಿ, ಗಾಡಿಗಟ್ಟಲೆ ಕೊಟ್ಟು ಕಳಿಸುತ್ತೇನೆ. ಹೆಂಗಸನ್ನು ತಿರುಗಿಸಿದ್ದು ನನ್ನ ಅಕ್ಕ. ಅವಳ ಮಾತಿನ ಮೇಲೆ ಮೇಲ್ಮನವಿ ಇಲ್ಲ. ದೋಣಿ ಕಪ್ಪಗೇ ಇರುತ್ತದೆ. ನೀಲಿ ಹಚ್ಚು ಎಂದು ಐರ್ಲೆಂಡಿನ ಮಂತ್ರಿಯೇ ಬಂದು ಹೇಳಿದರೂ ಹಚ್ಚುವುದಿಲ್ಲ. ಬೇಡವೆಂದರೆ ಪರದೆ ವಾಪಸ್ಸು ಬರಲಿ. ಇಸ್ರಾರನ ಗೋಡೆ ಖಾಲಿ ಇದೆ, ನನಗೆ ಅವಮಾನವಿಲ್ಲ.

ರಜಕ್ಕೆ ಬಂದಿರುವ ನಿನ್ನ ಗೆಳತಿ ಪಲ್ಲವಿ ಶನಿವಾರ ವಾಪಸ್ ಹೊರಡುತ್ತಾಳಂತೆ. ಪರದೆಯನ್ನು ಸುರುಳಿ ಸುತ್ತಿ, ಈ ಕಾಗದವನ್ನು ಒಳಗಿಟ್ಟು ಅವಳ ಕೈಯಲ್ಲಿ ಕೊಡುತ್ತೇನೆ. ಬಿಚ್ಚಿದ ಕೂಡಲೇ ಗೋಡೆಗೆ ಏರಿಸಬೇಡ. ಮೊದಲು ಮಾರ್ಟಿನ್ ಅಜ್ಜನ ಕುರ್ಚಿಯನ್ನು ಹತ್ತಿರ ತಂದು, ದೋಣಿಯ ಭಾಗವನ್ನು ಅವನ ತೊಡೆಯ ಮೇಲೆ ಹರವು. ಮೂಸಿ ನೋಡಲಿ. ಆಮೇಲೆ ಅವನು ಮುಖ ತಿರುಗಿಸಿದರೆ ನಾನು ಬ್ರಷ್ಷು ಮುಟ್ಟುವುದಿಲ್ಲ. ಹೀಗೆ ಪಣ ಕಟ್ಟುವ ಧೈರ್ಯ ಆ ಪುಸ್ತಕದ ಯಾವ ಪುಟದವನಿಗೂ ಇದ್ದಿರಲಾರದು.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಮುದುಕರಿಗೆ ಮಾತ್ರೆ ಕೊಡುವ ಆ ಕೈಗೆ ಯಾವ ನೋವೂ ತಟ್ಟದಿರಲಿ. ಆಯುಷ್ಯ, ಆರೋಗ್ಯ, ನಿನ್ನ ಅವ್ವನಷ್ಟು ಗಟ್ಟಿ ಗಂಟಲು, ಮೂರೂ ನಿನಗಿರಲಿ.

ಇಂತಿ ನಿನ್ನ ಸೋದರಮಾವ,
ಮಾರಣ್ಣ
(ಮೂವತ್ತೆರಡು ಸಮುದ್ರಗಳು, ಇದೂ ಸೇರಿ)

ಸಹಿ ಮಾಡಿದ ಮೇಲೆ, ಮರುದಿನ ಶುಕ್ರವಾರ ಬರೆಯುತ್ತಿರುವುದು: ಇದು ಮರೆತು ಉಳಿದದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಮೂರು ವರ್ಷದ ಹಿಂದೆ ಮಾರಿಕಣಿವೆ ತುಂಬಿ ಕೋಡಿ ಬಿದ್ದಾಗ ಹಿನ್ನೀರು ಹೊಲಗಳಿಗೆ ನುಗ್ಗಿ, ಮೀನು ಕೈಯಲ್ಲಿ ಬಾಚುವಷ್ಟು ಇತ್ತು. ಭಾವ ಹರಿಗೋಲಿಗೆ ಟಾರು ಹಚ್ಚಬೇಕೆಂದು ಡಬ್ಬ ತಂದಿಟ್ಟಿದ್ದ. ಟಾರು ಒಣಗಲು ವಾರ ಬೇಕು. ನಾನು ಅಂದೆ, "ವಾರ ಯಾಕೆ ಭಾವ, ನನ್ನ ಎನಾಮಲ್ ಪೇಂಟು ಒಂದೇ ದಿನಕ್ಕೆ ಒಣಗ್ತೈತೆ. ಹತ್ತು ವರ್ಷದೊಳಗೆ ಒಂದು ಹನಿ ನೀರು ಒಳಗೆ ಬಿಟ್ರೆ ನನ್ ಹೆಸರು ಬದಲಾಯ್ಸು." ಸಮುದ್ರ ಬರೆದು ಉಳಿದ ನೀಲಿ ಇತ್ತು. ಎರಡು ಕೋಟು ಹಚ್ಚಿ, ಪಕ್ಕಕ್ಕೆ ಒಂದು ಮೀನಿನ ಕಣ್ಣು ಬರೆದೆ. ಭಾವ ನಕ್ಕು, "ನಿನ್ ಹರಿಗೋಲು ಮದುವೆಗೆ ಹೊಂಟಂಗೈತೆ ಕಣೋ" ಎಂದು ನನ್ನ ಮನಸ್ಸು ಮುರಿಯದೆ ಅದನ್ನೇ ಹೊತ್ತುಕೊಂಡು ಹೋದ. ಬಣ್ಣ ಹಚ್ಚಿದ ಒಂಬತ್ತನೇ ದಿನ ಹರಿಗೋಲು ದಡಕ್ಕೆ ಬಂತು, ಅವನು ಬರಲಿಲ್ಲ. ಹರಿಗೋಲಿನ ಬಟ್ಟೆಯ ಹೊಲಿಗೆಯುದ್ದಕ್ಕೂ ನನ್ನ ನೀಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಅದನ್ನು ನೋಡಿದವರು ನಾನು ಮತ್ತು ಅಕ್ಕ, ಇಬ್ಬರೇ. ಅವಳು ಆ ನೀಲಿ ಯಾರಿಗೂ ಕಾಣದ ಹಾಗೆ ಹರಿಗೋಲನ್ನು ಮಗುಚಿ ಹಾಕಿ, ಬಂದವರಿಗೆಲ್ಲ ಗಾಳಿಗೆ ಹೀಗಾಯಿತು ಎಂದಳು. ನಿನಗೂ ಗಾಳಿ ಎಂದೇ ಹೇಳಿದೆವು. ಗಾಳಿ ಇರಲಿಲ್ಲ ಸುಮಿತ್ರಾ.

ಕ್ಷಮಿಸು ಎಂದು ಬರೆಯುತ್ತಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ.

ನಿನ್ನೆ ಸಂಜೆ ಅಕ್ಕ ಮತ್ತೆ ಬಂದಳು. ಈ ಸಲ ಹೊಸ್ತಿಲು ದಾಟಿದಳು. ಬಲೆ ಹೊಲಿಯುವ ಹೆಂಗಸನ್ನು ನೋಡಿ, ಮೂಗು ದಪ್ಪ ಆಗಿದೆ ಎಂದಳು. ಆಮೇಲೆ ದೋಣಿಯ ಹತ್ತಿರ ಹೋಗಿ, ಹೊಲಿಗೆ ಇರಬೇಕಾದ ಜಾಗದಲ್ಲಿ ಬೆರಳಿಟ್ಟು ಉದ್ದಕ್ಕೂ ಸವರಿದಳು.

"ಎಷ್ಟು ಕೋಟು?"

"ಮೂರು."

ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಇನ್ನೊಂದು ಹಚ್ಚು" ಎಂದಳು.

ಇವತ್ತು ಬೆಳಗ್ಗೆ ಹಚ್ಚಿದ್ದೇನೆ. ಶನಿವಾರಕ್ಕೆ ಒಣಗುವುದಿಲ್ಲ. ಪಲ್ಲವಿಯ ಕೈಯಲ್ಲಿ ಈ ಕಾಗದ ಮಾತ್ರ ಬರುತ್ತದೆ. ಪರದೆ ಒಣಗಿದ ಮೇಲೆ ಬರುತ್ತದೆ. ನಿಮ್ಮ ಗೋಡೆ ಕಾಯಲಿ, ಮೇಡಮ್ಮು ಕಾಯಲಿ. ಈ ಸಲ ನಾನು ಅವಸರ ಮಾಡುವುದಿಲ್ಲ.