ತಾಮ್ರದಚ್ಚಿನ ಚರ್ಚು

ಫೆಬ್ರುವರಿ ೨೧, ೧೯೪೪. ಬೆಳಿಗ್ಗೆ

ಬಾರ್ಲಿ ಹುರಿದು, ಅದನ್ನೇ ಕಾಫಿ ಅಂತ ಕುಡಿದಾಯಿತು. ಗೋಡೆಯ ಚಿತ್ರ ಒರೆಸಿದೆ. ನಮ್ಮ ಚರ್ಚಿನದೇ, ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ್ದು, ಮುನ್ನೂರು ವರ್ಷದ್ದಂತೆ. ಎವರ್ಟ್ ಚರ್ಚಿನ ಕಾವಲಿಗೆ ಸೇರಿದಾಗ ಹಳೆಯ ಪಾದ್ರಿ ಕೊಟ್ಟದ್ದು.

"ಗಂಡನ್ ಮುಖಾನೂ ಒಂದಿನ ಹಿಂಗೇ ಒರ್ಸೇ," ಅಂದ.

"ಅದಕ್ಕೆ ಬಟ್ಟೆ ಸಾಲ್ದು, ಪೊರಕೆ ಬೇಕು."

ನಗುತ್ತ ಹೋದ.

ಫೆಬ್ರುವರಿ ೨೩

ನಿನ್ನೆ ಮಧ್ಯಾಹ್ನ ಬಾಂಬು ಬಿತ್ತು. ಚರ್ಚು ಇಲ್ಲ. ಕಲ್ಲುಗುಪ್ಪೆ, ಗೋಪುರದ ಮೊಂಡು ಬುಡ, ಅಷ್ಟೇ.

ಎವರ್ಟ್ ಕಲ್ಲಿದ್ದಲಿನ ನೆಲಮಾಳಿಗೆಯಲ್ಲಿದ್ದ. ಇದ್ದಾನೆ. ಬಡಿಯುತ್ತಿದ್ದಾನೆ — ಮೂರು, ಬಿಟ್ಟು ಮೂರು. ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗೆ.

ಅಗೆಸಲು ಬೇರೆ ಊರಿನ ಇಂಜಿನಿಯರ್ ಬಂದಿದ್ದಾನೆ. ಚರ್ಚಿನ ನಕ್ಷೆ ಸುಟ್ಟುಹೋಗಿದೆ. ಎರಡು ಬದಿಯೂ ಒಂದೇ ಥರ. ನೆಲಮಾಳಿಗೆಯ ಬಾಗಿಲು ಮಾತ್ರ ಒಂದೇ ಕಡೆ. ಅದನ್ನು ಬಳಸುತ್ತಿದ್ದವರು ನಾವಿಬ್ಬರೇ.

"ಗೋಪುರದ ಎಡಗಡೆ," ಅಂದೆ.

"ಎಲ್ಲಿಂದ ನೋಡಿದ್ರೆ ಎಡ, ಅಮ್ಮಾ?"

ನಾನು ಯಾವಾಗಲೂ ಹಿತ್ತಲಿಂದ ಬರುವವಳು. ತಲೆಯೊಳಗೆ ಚರ್ಚನ್ನು ತಿರುಗಿಸಿ ತಿರುಗಿಸಿ... "ಎದುರಿಂದ್ಲೇ ಎಡ," ಅಂದೆ. ಮನೆಗೆ ಓಡಿ ಗೋಡೆಯ ಚಿತ್ರ ತಂದುಕೊಟ್ಟವಳೂ ನಾನೇ.

"ನೋಡಿ, ಇದ್ರಲ್ಲಿ ಬಾಗಿಲು ಬಲಕ್ಕಿದೆ. ಗಾಬರಿಯಲ್ಲಿ ಎಲ್ಲರಿಗೂ ಹಿಂಗೇ ಆಗೋದು."

ಕೆಳಗೆ ಚರ್ಚಿನ ಹೆಸರು ನೆಟ್ಟಗೆ ಅಚ್ಚಾಗಿತ್ತು. ಎರಡನೇ ಕ್ಲಾಸು ಓದಿದ ನಾನು, ಅಚ್ಚಿನ ಮುಂದೆ... "ಹಂಗೇ ಇರ್ಬೇಕು ಬಿಡಿ," ಅಂದೆ.

ಬಲಗಡೆ ಅಗೆಯುತ್ತಿದ್ದಾರೆ.

ಫೆಬ್ರುವರಿ ೨೫. ಸಂಜೆ

ಬರೀ ಗೋಡೆ. ಬಾಗಿಲಿಲ್ಲ. "ಇನ್ನೂ ಕೆಳಗಿರ್ಬೇಕು," ಅನ್ನುತ್ತಾನೆ. ಬಡಿತ ಬೆಳಿಗ್ಗೆ ಇತ್ತು. ಎರಡೇ. ಆಮೇಲೆ ಇಲ್ಲ.

ಫೆಬ್ರುವರಿ ೨೬

ಪ್ರಿಂಟಿಂಗ್ ಪ್ರೆಸ್ಸಿನ ಮೆಲಿಸ್ ಸೂಪು ಹಂಚಲು ಬಂದವನು ಚಿತ್ರ ನೋಡಿದ. ಬಕೆಟ್ ಕೆಳಗಿಟ್ಟ.

"ಯಾವನಯ್ಯಾ ಇದನ್ನ ನೋಡಿ ಅಗೀತಿರೋನು? ಕೊರೆಯೋನು ಕಂಡದ್ದನ್ನ ಕಂಡ ಹಂಗೇ ತಗಡಿನ ಮೇಲೆ ಕೊರ್ದಿದಾನೆ. ಒತ್ತಿದ್ರೆ ಎಡ ಬಲ ಆಗತ್ತೆ!"

"ಅಕ್ಷರ ನೆಟ್ಟಗಿದೆಯಲ್ಲ?" ಅಂದ ಇಂಜಿನಿಯರ್.

"ಅಕ್ಷರ ತಿರುಗಾಮುರುಗಾ ಆದ್ರೆ ಗಿರಾಕಿ ಬೈತಾನೆ ಅಂತ ಅದನ್ನ ಮಾತ್ರ ಉಲ್ಟಾ ಕೊರೀತಾರೆ, ಸ್ವಾಮಿ. ಚರ್ಚು ಎತ್ತ ತಿರುಗಿದ್ರೆ ಯಾರಿಗೇನು?"

ಯಾರೂ ನನ್ನ ಮುಖ ನೋಡಲಿಲ್ಲ. ಗುದ್ದಲಿ ಎತ್ತಿಕೊಂಡು ಎಡಕ್ಕೆ ಓಡಿದರು.

ಫೆಬ್ರುವರಿ ೨೭

ಸಿಕ್ಕಿದ. ಮೆಟ್ಟಿಲ ಮೇಲೆ ಕೂತಿದ್ದ, ಬಾಗಿಲಿಗೆ ಹಣೆಯಿಟ್ಟು. ಮುಖವೆಲ್ಲ ಕಲ್ಲಿದ್ದಲ ಮಸಿ. ಒರೆಸಿದೆ.

ಡಾಕ್ಟರನ್ನು ಪಕ್ಕಕ್ಕೆ ಕರೆದು, ಯಾವಾಗ ಹೋದ ಅಂತ ಕೇಳಿದೆ. ಹೇಳಲೊಲ್ಲದೆ ಹೇಳಿದರು: "ನಿನ್ನೆ. ನಿನ್ನೆ ಬೆಳಗಾಗೋವರೆಗೂ ಇದ್ದಿರ್ಬೇಕು, ತಾಯಿ."

ಮಾರ್ಚ್ ೫

ಇಂಜಿನಿಯರ್ ಚಿತ್ರ ವಾಪಸ್ ತಂದ. ಟೋಪಿ ಕೈಯಲ್ಲಿ. "ನನ್ನ ತಪ್ಪು," ಅಂದ. "ಹೌದು," ಅಂದೆ. ಅರ್ಧ ಮಾತ್ರ ಹೇಳಿದೆ; ಉಳಿದರ್ಧ ತಪ್ಪು ನನ್ನದು.

ಮೊಮ್ಮಗಳು ಅಲೈಡ ಮಡಿಲಲ್ಲಿ ತಲೆಯಿಟ್ಟು ಕೇಳಿದಳು: "ಅಜ್ಜೀ, ತಾತಂಗೆ ತುಂಬಾ ಹೊತ್ತು ನೋವಾಯ್ತಾ?"

"ಇಲ್ಲ ಕಣೇ. ಬಾಂಬ್ ಬಿದ್ದ ತಕ್ಷಣ ಹೋದ."

"ನಿಂಗೆ ಹೆಂಗ್ ಗೊತ್ತು?"

"ನಂಗ್ ಗೊತ್ತು ಅಂದ್ರೆ ಗೊತ್ತು."

ಗದರಿದ ಹಾಗೇ ಹೇಳಿದೆ. ತಟ್ಟನೆ ನಂಬಿದಳು. ಇಷ್ಟು ಗಟ್ಟಿಯಾಗಿ ಅವತ್ತು ಆ ಕಲ್ಲುಗುಪ್ಪೆಯ ಮುಂದೆ ನಿಂತು ನಾನು ಒಂದೇ ಒಂದು ಸಲ "ಎಡಗಡೆ ಅಂದ್ರೆ ಎಡಗಡೆ" ಅಂದಿದ್ದರೆ...