ಬಲಗೈಯ ತಾಳ

5 ಫೆಬ್ರವರಿ 2024, ಸೋಮವಾರ. ಕಮಲಾಪುರ

ಬೆಳಿಗ್ಗೆ ಇವರ ಬಲಗೈಗೆ ಎಣ್ಣೆ ತಿಕ್ಕಿದೆ. ಲಕ್ವಾ ಹೊಡೆದು ವರ್ಷವಾಗುತ್ತ ಬಂತು. ಭಜನೆಯಲ್ಲಿ ದಮ್ಮಡಿ ಬಾರಿಸುತ್ತಿದ್ದ ಕೈ, ಜೋತುಬಿದ್ದೇ ಇದೆ. ಇವರು ಬಿಟ್ಟಿರಲಾರರು ಅಂತ ಸೋಮವಾರದ ಭಜನೆ ಈಗ ನಮ್ಮ ಪಡಸಾಲೆಯಲ್ಲೇ.

ಸಂಜೆ — ಹಾಡಿನ ನಡುವೆ ಆ ಕೈ ತೊಡೆಯ ಮೇಲೆ ಬಡಿಯತೊಡಗಿತು! ಹಾಡುತ್ತಿದ್ದ ಗುಂಡಣ್ಣನೇ ಮೊದಲು ನೋಡಿದ್ದು.

"ವೈನಿ, ದೌಲಪ್ಪಣ್ಣನ ಕೈ ನೋಡ್ರಿ. ತಾಳ ಹಾಕ್ಲಾಕತ್ತದ."

ತೆಂಗಿನಕಾಯಿ ಒಡೆದೆ. ಎಲ್ಲರಿಗೂ ಸಕ್ಕರೆ ಹಂಚಿದೆ. ಅಳು ತಡೆಯಲಾಗಲಿಲ್ಲ. ಹಾಡು ನಿಂತ ಮೇಲೂ ಕೈ ಸ್ವಲ್ಪ ಹೊತ್ತು ಬಡಿಯಿತು... ಖುಷಿಗಿರಬೇಕು.

13 ಫೆಬ್ರವರಿ

ಊಟಕ್ಕೆ ಕೂತಾಗ ಮತ್ತೆ ಕೈ. ಆಮೇಲೆ ಬಾಯಿ ಸೊಟ್ಟಗಾಯಿತು, ಕಣ್ಣು ಮೇಲೆ, ಇಡೀ ಮೈ ಅದುರಿತು. ಪಕ್ಕದ ಮನೆ ಚಾಂದಬಿ ಓಡಿ ಬಂದು ಕೈಗೆ ಕೀಲಿಗೊಂಚಲು ಹಿಡಿಸಿದಳು. ಇನ್ನೊಂದು ಲಕ್ವಾ ಅಂತ ಎದೆ ಒಡೆಯಿತು. ಜೀಪು ಹಿಡಿದು ಕಲಬುರಗಿ.

14 ಫೆಬ್ರವರಿ. ಕಲಬುರಗಿ, ಆಸ್ಪತ್ರೆ

ಡಾಕ್ಟರ್ ವಿಜಯಶ್ರೀ ಒಳ್ಳೆಯ ಹುಡುಗಿ. ಕೂಡಿಸಿ ಹೇಳಿದಳು.

"ಇದು ಫಿಟ್ಸ್ ರೀ ಅಮ್ಮಾ. ಲಕ್ವಾದ ಗಾಯ ಮಿದುಳಿನಾಗ ಉಳಿದಿರ್ತದ. ವಯಸ್ಸಾದವರಿಗೆ ಮುಂದ ಹಿಂಗ ಆಗಬಹುದು. ಕೀಲಿ-ಗೀಲಿ ಏನೂ ಹಿಡಸಬ್ಯಾಡ್ರಿ. ಗುಳಿಗಿ ಒಂದಿನಾನೂ ತಪ್ಪಸಬ್ಯಾಡ್ರಿ."

"ಮತ್ತ ಭಜನಿಯಾಗ ಹಾಕಿದ ತಾಳ?"

"ಅದೂ ಫಿಟ್ಸೇ ರೀ."

ಸಕ್ಕರೆ ಹಂಚಿದ್ದು ಫಿಟ್ಸಿಗೆ. ಯಾರ ಮೇಲೆ ಸಿಟ್ಟು ಮಾಡಲಿ.

4 ಮಾರ್ಚ್, ಸೋಮವಾರ

ಗುಳಿಗೆ ನಡೆದಿದೆ. ಫಿಟ್ಸ್ ಇಲ್ಲ. ಕೈಯೂ ಇಲ್ಲ. ಭಜನೆಯಲ್ಲಿ ಇವರು ತೊಡೆಯನ್ನೇ ನೋಡುತ್ತ ಕೂತಿದ್ದರು.

"ಗುಳಿಗಿ ನನ್ನ ಕೈ ಕೊಂದದ. ಶಿವರಾತ್ರಿಗಿ ಒಂದ್ಸಲ ಬಡೀಬೇಕು, ಅವತ್ತ ಗುಳಿಗಿ ಬಿಟ್ಟಬಿಡ್ತೀನಿ."

"ನೀವು ಸತ್ತರ ಯಾರು ಬಡೀತಾರ?"

ಬಾಯಿ ತಪ್ಪಿ ಅಂದುಬಿಟ್ಟೆ. ಗೋಡೆ ಕಡೆ ತಿರುಗಿ ಮಲಗಿದರು. ಗುಳಿಗೆ ಮಾತ್ರ ನುಂಗಿದರು, ನಿಂತು ನೋಡಿದ್ದೇನೆ.

8 ಮಾರ್ಚ್, ಶಿವರಾತ್ರಿ. ಸಂಜೆ

ಇಬ್ಬರದೂ ಉಪವಾಸ. ಬೆಳಿಗ್ಗೆ ಗುಳಿಗೆ ಒಯ್ದರೆ —

"ಉಪವಾಸದಾಗ ನುಂಗಬಾರದು. ಹಿಂದ ಚಹಾಕ್ಕೂ ನೀನೇ ಬೈತಿದ್ದಿ."

ಬೈದು ನುಂಗಿಸಬೇಕಿತ್ತು. ದೇವರ ಹೆಸರು ಬಂತಲ್ಲ ಅಂತ ಸುಮ್ಮನಾದೆ... ಸುಳ್ಳು. ದೇವರಿಗೆ ಹೆದರಿ ಅಲ್ಲ. ಅದು ಫಿಟ್ಸ್ ಅಂತ ಗೊತ್ತಿದ್ದೂ ಆ ಕೈ ಇನ್ನೊಮ್ಮೆ ನೋಡುವ ಆಸೆ ನನಗೇ ಇತ್ತು. ಇವರಿಗಿಂತ ಹೆಚ್ಚೇ.

ಪೂಜೆ ಮುಗಿದ ಕೂಡಲೇ ನುಂಗಿಸುತ್ತೇನೆ. ಭಜನೆಗೆ ಗುಂಡಣ್ಣನ ಮಂದಿ ಇನ್ನೂ ಬಂದಿಲ್ಲ.

ಪಡಸಾಲೆಯಲ್ಲಿ ತಾಳ ಕೇಳುತ್ತಿದೆ. ಯಾರೂ ಹಾಡುತ್ತಿಲ್ಲ

ಗುಳಿಗೆ ಎಲ್ಲಿ